ಅಕ್ಕನ ಹೊಲಿಗೆ ಮೆಷಿನ್ ಮುಂದೆ

ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಪೀಣ್ಯದಲ್ಲಿ, ಅಕೌಂಟ್ಸ್ ವಿಭಾಗ. ಹಳೇ ಕೆಲಸ ಹೋಗಿ ಏಳು ತಿಂಗಳು ಅಕ್ಕನ ಮನೆಯಲ್ಲಿದ್ದೆ. ಅದು ಹೇಗೆ ಹೋಯಿತು ಅನ್ನೋದನ್ನ ಇಲ್ಲಿ ಬರೆಯೋದಿಲ್ಲ. ರೆಸ್ಯೂಮೆ ತಿದ್ದಿಕೊಟ್ಟ ಕಾಲೇಜು ಗೆಳೆಯರಿಗೆ, ಶೂ ಕೊಟ್ಟ ಭಾವನಿಗೆ, ಎರಡು ಕಡೆ ನನ್ನ ಹೆಸರು ಹೇಳಿದ ಹಳೇ ಸಹೋದ್ಯೋಗಿಗಳಿಗೆ ತುಂಬಾ ಥ್ಯಾಂಕ್ಸ್.

ಉಳಿದದ್ದೆಲ್ಲ ಅಕ್ಕನಿಗೆ.

ಒಂಬತ್ತನೇ ಇಂಟರ್‌ವ್ಯೂನಲ್ಲಿ ಜಿಎಸ್‌ಟಿಆರ್-2ಎ, 2ಬಿ ನಡುವಿನ ವ್ಯತ್ಯಾಸ ಕೇಳಿದರು. ಎರಡೂ ನಮ್ಮ ಖರೀದಿಗಳನ್ನು ತೋರಿಸುವ ಜಿಎಸ್‌ಟಿ ಪಟ್ಟಿಗಳು. ಐದು ವರ್ಷ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಮುಂದೆ ಕೂತವನಿಗೆ ಇದು ಗೊತ್ತಿರಬೇಕು, ಅಲ್ವಾ? ಸಪ್ಲೈಯರ್ ರಿಟರ್ನ್ ಹಾಕಿದ ಹಾಗೆಲ್ಲ 2ಎ ಬದಲಾಗುತ್ತಾ ಹೋಗುತ್ತದೆ. 2ಬಿ ತಿಂಗಳ 14ಕ್ಕೆ ತಯಾರಾಗುತ್ತದೆ, ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯೋದು) ತೆಗೆದುಕೊಳ್ಳೋದು ಅದನ್ನು ನೋಡಿ. ಆವತ್ತು ನೆನಪಾಗಲಿಲ್ಲ. ಮರೆತೆ ಅನ್ನುವ ಬದಲು ಐದು ನಿಮಿಷ ಬುರುಡೆ ಬಿಟ್ಟೆ. ಎದುರಿಗಿದ್ದವರು ಪೆನ್ನಿಗೆ ಮುಚ್ಚಳ ಹಾಕಿದರು.

ರಾತ್ರಿ ಬ್ಯಾಗ್ ತುಂಬಿಕೊಂಡು ಊರಿಗೆ ಹೊರಟು ನಿಂತೆ. ಅಕ್ಕ ಬ್ಲೌಸ್ ಹೊಲಿಯುತ್ತಿದ್ದಳು, ಬೆಳಗ್ಗೆ ಮದುವೆಮನೆಗೆ ಕೊಡಬೇಕಿತ್ತು. ತಲೆ ಎತ್ತದೆ, "ನಿನ್ನ ಬಗ್ಗೆ ಹೇಳಪ್ಪ" ಅಂದಳು, ಇಂಟರ್‌ವ್ಯೂನವರ ಥರ. ಸಿಟ್ಟು ಬಂತು. ಆದರೂ ಶುರು ಮಾಡಿದೆ, ಎಸ್ಸೆಸ್ಸೆಲ್ಸಿ ಮಾರ್ಕ್ಸಿನಿಂದ.

"ಅದು ಕಾಗದದಲ್ಲೇ ಇದೆಯಲ್ಲೋ. ನಿಂಗೆ ಯಾವ ಕೆಲಸ ಬರುತ್ತೆ, ಅದನ್ನ ಹೇಳು."

ಹಳೇ ಬಾಸ್ ವಿಷಯ ಬಂದಾಗ ಬೈದೆ. ಎಲ್ಲ ಕಡೆಯೂ ಬೈದಿದ್ದೆ. ಅಕ್ಕ ಮೆಷಿನ್ ನಿಲ್ಲಿಸಿದಳು. "ಹಳೇ ಟೈಲರನ್ನ ಬೈಕೊಂಡು ಬರೋ ಗಿರಾಕಿ ಕಂಡ್ರೆ ನಂಗೆ ಭಯ ಕಣೋ. ನಾಳೆ ಇನ್ನೊಂದು ಅಂಗಡೀಲಿ ನನ್ನನ್ನ ಬೈತಾರೆ."

ಬುರುಡೆ ಬಿಟ್ಟಿದ್ದಕ್ಕೂ ಅವಳ ಹತ್ತಿರ ಒಂದು ಕಥೆ ಇತ್ತು. ಬಾರದ ಪ್ಯಾಟರ್ನ್ ಬರುತ್ತೆ ಅಂತ ಒಪ್ಪಿಕೊಂಡು, ಯಾರದೋ ರೇಷ್ಮೆ ಬಟ್ಟೆ ಹಾಳು ಮಾಡಿ, ಕೈಯಿಂದ ದುಡ್ಡು ಕಟ್ಟಿದ್ದಳಂತೆ. ಜಿಎಸ್‌ಟಿ ತಲೆಬುಡ ಗೊತ್ತಿಲ್ಲದವಳು ಮೂರು ಗಂಟೆವರೆಗೆ ಪ್ರಶ್ನೆ ಕೇಳಿದಳು. ಪ್ರಶ್ನೆ ಮುಗಿಯುವ ಮುಂಚೆ ನಾನು ಬಾಯಿ ಹಾಕಿದಾಗಲೆಲ್ಲ ಅಳತೆ ಟೇಪಿನಿಂದ ಮೊಣಕಾಲಿಗೆ ಹೊಡೆದಳು.

ನಡುವೆ ಅತ್ತುಬಿಟ್ಟೆ. ಏಳು ತಿಂಗಳು ದಿನಾ ಸಂಜೆ ಅಪ್ಪನಿಗೆ ಫೋನ್ ಮಾಡಿ "ಈಗ ಆಫೀಸಿಂದ ಬಂದೆ" ಅನ್ನುತ್ತಿದ್ದೆ. ಅಪ್ಪ, ತಪ್ಪಾಯ್ತು. ಅಕ್ಕ ಎಲ್ಲ ಗೊತ್ತಿದ್ದೂ ಪಕ್ಕದಲ್ಲಿ ಸುಮ್ನೆ ಕೂತಿರುತ್ತಿದ್ದಳು.

ಹನ್ನೊಂದನೇ ಕಡೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ, ಅದರ ಬಗ್ಗೆ ಒಂದು ಪ್ರಶ್ನೆ ಬಂತು. "ಈಗ ನೆನಪಿಲ್ಲ ಸರ್, ಸೆಕ್ಷನ್ ನೋಡಿ ಹೇಳ್ತೀನಿ" ಅಂದೆ. ಅವರು ನಕ್ಕು ಮುಂದಿನದಕ್ಕೆ ಹೋದರು. ಕೊನೆಗೆ, ನೀವೇನಾದ್ರೂ ಕೇಳ್ಬೇಕಾ ಅಂದರು. ಅಷ್ಟೂ ಕಡೆ "ಏನಿಲ್ಲ ಸರ್" ಅಂತ ಎದ್ದು ಬಂದವನು, ತಿಂಗಳ ಕೊನೆಯ ಕೆಲಸ ಯಾರ್ಯಾರು ಹೇಗೆ ಹಂಚಿಕೊಳ್ತೀರಿ ಅಂತ ಕೇಳಿದೆ. ಹತ್ತು ನಿಮಿಷ ಅವರೇ ಮಾತಾಡಿದರು.

ಮೊದಲ ಸಂಬಳದಲ್ಲಿ ಮೆಷಿನ್‌ಗೆ ಮೋಟರ್ ಹಾಕಿಸ್ತೀನಿ ಅಂತ ಅಕ್ಕನಿಗೆ ಹೇಳಿದೆ.

"ಮೊದಲು ಭಾವನ ಶೂ ವಾಪಸ್ ಕೊಡು" ಅಂದಳು.