ಲೋಟ ಜಾರಿದ ಹಾಗೆಯೇ ಬರೆಯೂ ಜಾರುತ್ತದೆ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ‘ಭಾರಿ ಮಳೆಗೆ ಬರೆ ಕುಸಿತ’ ಅನ್ನುವ ಸುದ್ದಿ ಬಂದೇ ಬರುತ್ತದೆ. ಬರೆ ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ. ನೀರಿನ ಭಾರಕ್ಕೆ ಬಿತ್ತು ಅಂತ ಹೆಚ್ಚಿನವರು ತಿಳಿಯುತ್ತಾರೆ. ಭಾರವೇನು ಕಡಿಮೆಯಲ್ಲ. ಒಂದು ಎಕರೆಗೆ ಒಂದು ಇಂಚು ಮಳೆ ಅಂದರೆ ಲಕ್ಷ ಲೀಟರಿಗೂ ಜಾಸ್ತಿ ನೀರು. ಆದರೆ ಭಾರ ಮಣ್ಣನ್ನು ಕೆಳಗೆ ಎಳೆಯುತ್ತದೆ, ಜೊತೆಗೆ ಇಳಿಜಾರಿಗೆ ಒತ್ತಿಯೂ ಹಿಡಿಯುತ್ತದೆ. ಆ ಹಿಡಿತವನ್ನು ಬಿಡಿಸುವುದು ನೀರಿನ ಒತ್ತಡ.

ಬಿಸಿನೀರಲ್ಲಿ ತೊಳೆದ ಲೋಟವನ್ನು ಒದ್ದೆ ಗ್ರಾನೈಟ್ ಕಟ್ಟೆ ಮೇಲೆ ಬೋರಲು ಹಾಕಿ ನೋಡಿ. ಯಾರೂ ಮುಟ್ಟದೆ ಅದು ಮೆಲ್ಲಗೆ ಜಾರುತ್ತದೆ, ಅಲ್ವಾ? ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ಅಂಚಿನ ನೀರು ಅದನ್ನು ಹೊರಗೆ ಬಿಡುವುದಿಲ್ಲ. ಲೋಟದ ಭಾರವನ್ನು ಆ ಗಾಳಿಯೇ ಹೊರುತ್ತದೆ, ಕಟ್ಟೆಯ ಹಿಡಿತ ತಪ್ಪುತ್ತದೆ. 1959ರಲ್ಲಿ ಅಮೆರಿಕದ ಭೂವಿಜ್ಞಾನಿಗಳಾದ ಹಬರ್ಟ್ ಮತ್ತು ರೂಬಿ ಖಾಲಿ ಬಿಯರ್ ಡಬ್ಬಿಯನ್ನು ಗಾಜಿನ ಮೇಲೆ ಹೀಗೇ ಜಾರಿಸಿದರು. ದೊಡ್ಡ ದೊಡ್ಡ ಬಂಡೆ ಪದರಗಳು ಸರಿಯುವುದನ್ನು ಅದರಿಂದಲೇ ವಿವರಿಸಿದರು. ಬರೆಯಲ್ಲಿ ಗಾಳಿಯ ಕೆಲಸವನ್ನು ಮಣ್ಣಿನ ಕಣಗಳ ನಡುವೆ ಸಿಕ್ಕಿಕೊಂಡ ನೀರು ಮಾಡುತ್ತದೆ.

ಇದರ ಲೆಕ್ಕ ಪಿಯುಸಿ ಮಕ್ಕಳೂ ಮಾಡಬಲ್ಲರು. ಒಣಗಿದ್ದಾಗ 34 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುವ ಸಡಿಲ ಮರಳುಮಣ್ಣು, ಮೇಲಿನವರೆಗೂ ನೀರು ತುಂಬಿ ಇಳಿಜಾರಿನುದ್ದಕ್ಕೂ ಹರಿಯತೊಡಗಿದರೆ 19 ಡಿಗ್ರಿಯಲ್ಲೂ ನಿಲ್ಲುವುದಿಲ್ಲ. ನಾವೋ ಜೆಸಿಬಿ ತಂದು ಗೋಡೆಯ ಹಾಗೆ ನೆಟ್ಟಗೆ ಕಡಿಯುತ್ತೇವೆ. ಜೇಡಿಯ ಅಂಟಿನ ಬಲದಿಂದ ಅದು ಬೇಸಿಗೆಯಲ್ಲಿ ನಿಂತಿರುತ್ತದೆ, ಅಷ್ಟೇ.

2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ಬರೆ ಜರಿದು ಕೊಟ್ಟಿಗೆ ಮಣ್ಣಾಯಿತು. ಎರಡು ಹಸು ಹೋದವು. ಮೂರು ದಿನ ಮೊದಲೇ ಬರೆಯ ಬುಡದಲ್ಲಿ ಹೊಸ ಒರತೆ ಎದ್ದಿತ್ತು. ಮೊದಲು ತಿಳಿ ನೀರು, ಆಮೇಲೆ ಕೆಂಪು ರಾಡಿ. 28 ವರ್ಷ ಇಳಿಜಾರಿನ ಹಲಗೆ, ಮರದ ತುಂಡು ಇಟ್ಟುಕೊಂಡು ಘರ್ಷಣೆಯ ಪಾಠ ಮಾಡಿದವಳು ನಾನು. ಆ ಒರತೆ ಏನು ಹೇಳುತ್ತಿದೆ ಅಂತ ಆಗ ಹೊಳೆಯಲಿಲ್ಲ. ಈಗಲೂ ಅದು ಮನಸ್ಸಿನಿಂದ ಹೋಗಿಲ್ಲ.

ಈಚೆಗೆ ನಮ್ಮ ರಸ್ತೆಗೆ ತಡೆಗೋಡೆ ಕಟ್ಟಿದರು. ನೀರು ಹೊರಗೆ ಹೋಗಲು ಇಟ್ಟ ಪೈಪುಗಳಲ್ಲಿ ಅರ್ಧಕ್ಕರ್ಧ ಸಿಮೆಂಟ್ ಮೆತ್ತಿ ಮುಚ್ಚಿವೆ. ಗೋಡೆ ಎಷ್ಟೇ ದಪ್ಪ ಇರಲಿ, ಹಿಂದೆ ನೀರು ನಿಂತರೆ ಅದೇ ಲೋಟದ ಕಥೆ. ದಯವಿಟ್ಟು ಮಳೆ ಹಿಡಿಯುವ ಮೊದಲು ಅವನ್ನು ಬಿಡಿಸಿ. ಮನೆಗಳ ಮೇಲಿನ ಬರೆಗಳಲ್ಲಿ ಬುಡಕ್ಕೆ ತೂತು ಕೊರೆದ ಪೈಪು ಇಳಿಸಿ. ಒಳಗಿನ ನೀರು ಎಷ್ಟು ಏರಿದೆ ಅಂತ ಟೇಪು ಬಿಟ್ಟು ನೋಡಬಹುದು. ಕೊಡಗಿನ ತೋಟದವರು ದಿನಾ ಬೆಳಿಗ್ಗೆ ಮಳೆ ಎಷ್ಟು ಇಂಚು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ಅದರ ಪಕ್ಕದಲ್ಲೇ ಪೈಪಿನ ನೀರಿನ ಮಟ್ಟವನ್ನೂ ಬರೆಯಲಿ. ಯಾವ ಶಾಲೆ ಕರೆದರೂ ಹೋಗಿ ಮಕ್ಕಳಿಗೆ ಇದನ್ನು ಕಲಿಸಿಕೊಡಲು ನಾನು ಸಿದ್ಧ.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ, ಮಡಿಕೇರಿ ತಾಲ್ಲೂಕು