ನನ್ನ ಬೆರಳಿಗೆ ತಕ್ಕ ಗಿಟಾರ್ ಬಂತು

ಬಂತು! ಕೊನೆಗೂ ಬಂತು. ಇದನ್ನು ಬರೆಯುವಾಗ ಅದು ನನ್ನ ಪಕ್ಕದಲ್ಲೇ ಸ್ಟ್ಯಾಂಡ್ ಮೇಲೆ ನಿಂತಿದೆ. ಎರಡು ಸಾಲು ಬರೆಯುತ್ತೇನೆ, ತಿರುಗಿ ನೋಡುತ್ತೇನೆ. ಕಡು ಕೆಂಪು ಬಣ್ಣ, ಬೀಟೆ ಮರದ ಫ್ರೆಟ್‌ಬೋರ್ಡ್, ಅದರಲ್ಲಿ ಅಡ್ಡಕ್ಕೆ ಕೂರಿಸಿದ 22 ಫ್ರೆಟ್, ಅಂದರೆ ಲೋಹದ ಗೆರೆ. ಕಿಟಕಿಯ ಬೆಳಕು ಬಿದ್ದ ಕಡೆ ಮರದ ಗೆರೆಗಳು ಕಾಣುತ್ತವೆ.

ಹೋದ 14 ತಿಂಗಳಲ್ಲಿ ನೀವೆಲ್ಲ ಎಷ್ಟು ಸಲ "ಬೆರಳು ಹೇಗಿದೆ?" ಅಂತ ಕೇಳಿದ್ದೀರೋ ಲೆಕ್ಕವಿಲ್ಲ. ಬಹಳ ಸಲ ನಾನು ಉತ್ತರ ಕೊಟ್ಟಿಲ್ಲ. ಕೊಡಲು ಮನಸ್ಸಾಗುತ್ತಿರಲಿಲ್ಲ. ಇವತ್ತು ಎಲ್ಲರಿಗೂ ಒಟ್ಟಿಗೆ, ನಿಧಾನವಾಗಿ ಹೇಳುತ್ತೇನೆ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಗಾಜಿನ ಲೋಟ ತೊಳೆಯುವಾಗ ಅದು ಕೈಯಲ್ಲೇ ಒಡೆಯಿತು. ಎಡಗೈಯ ಉಂಗುರದ ಬೆರಳಿನ ಒಳಭಾಗ ಆಳವಾಗಿ ಕೊಯ್ದು, ಬೆರಳನ್ನು ಮಡಿಸುವ ಟೆಂಡನ್ ತುಂಡಾಯಿತು. ಆಪರೇಷನ್ ಆಯಿತು. ಆರು ವಾರ ಸ್ಪ್ಲಿಂಟ್. ಮೂರು ತಿಂಗಳವರೆಗೆ ಭಾರ ಎತ್ತುವಂತಿಲ್ಲ, ಗಟ್ಟಿಯಾಗಿ ಏನನ್ನೂ ಹಿಡಿಯುವಂತಿಲ್ಲ. ಗಿಟಾರ್ ನುಡಿಸುವವರಿಗೆ ತಂತಿ ಒತ್ತುವ ಎಡಗೈಯ ಉಂಗುರದ ಬೆರಳು ಅಂದರೆ ಏನು ಅಂತ ನಾನು ಹೇಳಬೇಕಿಲ್ಲ ಅಲ್ವಾ.

ಆಪರೇಷನ್ ಮಾಡಿದ ಡಾಕ್ಟರಿಗೆ ಮೊದಲ ನಮಸ್ಕಾರ. ಆವತ್ತು ಅವರು ಕೇಳಿದ ಮೊದಲ ಪ್ರಶ್ನೆ "ಏನು ಕೆಲಸ ಮಾಡ್ತೀರಿ?" ಅಂತಲ್ಲ, "ಈ ಕೈಯಲ್ಲಿ ಏನೇನು ಮಾಡ್ತೀರಿ?" ಅಂತ. ಗಿಟಾರ್ ಅಂದೆ. ಅದನ್ನು ಫೈಲಿನಲ್ಲಿ ಬರೆದುಕೊಂಡರು. ಆಮೇಲೆ ಆ ಫೈಲು ತೆರೆದವರೆಲ್ಲ ಅದನ್ನು ಓದಿ, ಅದರ ಬಗ್ಗೆಯೇ ಮಾತಾಡಿದರು.

ಇನ್ನು ನಮ್ಮ ಮೇಷ್ಟ್ರು. ಕೈಗೆ ಸ್ಪ್ಲಿಂಟ್ ಹಾಕಿಕೊಂಡು "ಸರ್, ನಾನಿನ್ನು ಕ್ಲಾಸಿಗೆ ಬರಲ್ಲ" ಅಂತ ಹೇಳಲು ಹೋಗಿದ್ದೆ. ಅವರು ಏನೂ ಹೇಳದೆ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿದರು. "ಕೂತು ಕೇಳಮ್ಮ. ಕಿವಿಗೇನೂ ಆಗಿಲ್ಲವಲ್ಲ." ಆ ಕುರ್ಚಿಯಲ್ಲಿ ತಿಂಗಳುಗಟ್ಟಲೆ ಕೂತೆ. ಬೇರೆಯವರ ಗಿಟಾರ್ ಟ್ಯೂನ್ ಆಗಿದೆಯೋ ಇಲ್ಲವೋ ಕಿವಿಯಲ್ಲೇ ಹೇಳುವುದು ನನ್ನ ಕೆಲಸ. ತಾಳ ಹಾಕುವುದು ನನ್ನ ಕೆಲಸ. ಒಂದು ದಿನವೂ ಅವರು ನನ್ನನ್ನು ಪಾಪ ಅನ್ನುವ ಹಾಗೆ ನೋಡಲಿಲ್ಲ.

ಒಂದು ಸಂಜೆ ಕ್ಲಾಸ್ ಮುಗಿದ ಮೇಲೆ ಅವರು ಹೇಳಿದ ಎರಡು ಸಂಗತಿ ಇಲ್ಲಿ ಬರೆಯಲೇಬೇಕು. ಜ್ಯಾಂಗೊ ರೈನ್‌ಹಾರ್ಟ್ ಅನ್ನುವ ಜಾಝ್ ಗಿಟಾರ್ ವಾದಕರ ಕೈ 1928ರಲ್ಲಿ ಬೆಂಕಿಯಲ್ಲಿ ಸುಟ್ಟಿತ್ತು. ಎಡಗೈಯ ಕೊನೆಯ ಎರಡು ಬೆರಳು ಸರಿಯಾಗಿ ಆಡುತ್ತಿರಲಿಲ್ಲ. ಉಳಿದ ಎರಡೇ ಬೆರಳಲ್ಲಿ ಅವರು ಸೋಲೊ ನುಡಿಸಿದರು. ಎಷ್ಟೋ ವರ್ಷಗಳ ನಂತರ, ಬ್ಲ್ಯಾಕ್ ಸ್ಯಾಬತ್ ಬ್ಯಾಂಡ್ ಕಟ್ಟುವ ಮೊದಲು, ಟೋನಿ ಐಯೋಮಿ ಅನ್ನುವ 17ರ ಹುಡುಗ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳ ತುದಿ ಕಳೆದುಕೊಂಡ. ಅವನು ಎಡಗೈಯವನು, ಹಾಗಾಗಿ ತಂತಿ ಒತ್ತುವುದು ಬಲಗೈ. ಪೆಟ್ಟಾಗಿದ್ದೂ ಬಲಗೈಗೆ. ಎಲ್ಲ ಮುಗಿಯಿತು ಅಂತ ಕೂತಿದ್ದಾಗ ಕಾರ್ಖಾನೆಯ ಮೇಲ್ವಿಚಾರಕ ಒಂದು ರೆಕಾರ್ಡ್ ತಂದು ಕೇಳಿಸಿದ. ಅದು ಜ್ಯಾಂಗೊ ನುಡಿಸಿದ್ದು. ಆಮೇಲೆ ಐಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಆ ಕಾಲಕ್ಕೆ ತೆಳು ಗಿಟಾರ್ ತಂತಿ ಸಿಗುತ್ತಿರಲಿಲ್ಲ. ಬ್ಯಾಂಜೊ ತಂತಿ ಹಾಕಿ ನುಡಿಸಿದರು.

ನನಗೆ ಐಯೋಮಿಗಿಂತ ಆ ಮೇಲ್ವಿಚಾರಕನೇ ಜಾಸ್ತಿ ನೆನಪಾಗುತ್ತಾನೆ. ರೆಕಾರ್ಡ್ ಹಿಡಿದುಕೊಂಡು ಹುಡುಗನ ಮನೆಗೆ ಹೋದವನು. ಮೇಷ್ಟ್ರೇ, ನೀವು ಆ ಕುರ್ಚಿ ಹಾಕಿದ್ದು ನನಗೆ ಹಾಗೆಯೇ.

ಆರು ತಿಂಗಳಾದ ಮೇಲೆ ಹಳೆಯ ಅಕೂಸ್ಟಿಕ್ ಗಿಟಾರ್ ತೆಗೆದೆ. ಎಫ್ ಕಾರ್ಡ್ ಹಿಡಿಯಲು, ಅಂದರೆ ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸಲು ನೋಡಿದೆ. ಆಗಲಿಲ್ಲ. ಬೆರಳು ತಂತಿಯ ಮೇಲೆ ಕೂರುತ್ತಿತ್ತು, ಒತ್ತಲು ಬಲವಿರಲಿಲ್ಲ. ರಾತ್ರಿಯೆಲ್ಲ ಕೀಲು ಊದಿಕೊಂಡು ನೋವು. ಗಿಟಾರ್ ಮತ್ತೆ ಚೀಲದೊಳಗೆ ಹೋಯಿತು. ನಾನು ಯಾರ ಫೋನೂ ಎತ್ತದಿದ್ದ ಕಾಲ ಅದೇ. ಆಗ ಬೇಸರ ಮಾಡಿಕೊಂಡವರು ದಯವಿಟ್ಟು ಕ್ಷಮಿಸಿ.

ದಾರಿ ತಿರುಗಿದ್ದು ಫಿಸಿಯೋಥೆರಪಿಯಲ್ಲಿ. ಮೇಡಂಗೆ ವಿಷಯ ಹೇಳಿದೆ. "ಮುಂದಿನ ಸಲ ಗಿಟಾರ್ ತನ್ನಿ" ಅಂದರು. ತೆಗೆದುಕೊಂಡು ಹೋದೆ. ಅವರು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾವೇ ಒಂದು ತಂತಿ ಒತ್ತಿ ನೋಡಿದರು. ಮತ್ತೆ ಒತ್ತಿದರು. ಬೆರಳು ತಿರುಗಿಸಿ ತುದಿ ನೋಡಿಕೊಂಡರು. ಆಳವಾದ ಗೆರೆ ಬಿದ್ದಿತ್ತು. "ಅಯ್ಯೋ, ಇಷ್ಟು ಗಟ್ಟಿನಾ? ಇದಕ್ಕಿಂತ ಮೆತ್ತಗಿರೋದು ಇಲ್ವಾ?"

ಇದೆ! ಆ ಮಾತು ನನಗೇ ಹೊಳೆದಿರಲಿಲ್ಲ. ಬೆರಳನ್ನು ಗಿಟಾರಿಗೆ ತಕ್ಕಂತೆ ಮಾಡಿಕೊಳ್ಳಬೇಕು ಅಂತಲೇ ಅಷ್ಟು ದಿನ ಒದ್ದಾಡುತ್ತಿದ್ದೆ. ಅವತ್ತೇ ಮೇಷ್ಟ್ರ ಹತ್ತಿರ ಹೋದೆ. ಅವರು ಕಾಗದ ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿದರು. ತಂತಿಯ ಸೆಟ್‌ಗೆ ಹೇಳುವ ಅಂಕಿ ಅದರ ದಪ್ಪದ್ದು, ಅಂಕಿ ಚಿಕ್ಕದಾದಷ್ಟು ತಂತಿ ತೆಳು. ಅಕೂಸ್ಟಿಕ್‌ಗೆ ಹಾಕುವ 12ರ ಸೆಟ್‌ನಲ್ಲಿ ಆರೂ ತಂತಿಯ ಎಳೆತ ಸೇರಿ ಸುಮಾರು 70 ಕಿಲೊ ದಾಟುತ್ತದೆ. ಎಲೆಕ್ಟ್ರಿಕ್‌ನ 9ರ ಸೆಟ್‌ನಲ್ಲಿ 40 ಕಿಲೊಗಿಂತ ಕಡಿಮೆ. ಅದರಲ್ಲೂ ಎರಡು ಅಳತೆ ಇವೆ. ತಂತಿಯ ಎರಡು ಆಸರೆಗಳ ನಡುವೆ, ಅಂದರೆ ತಲೆಯ ಕಡೆಯ ನಟ್‌ನಿಂದ ಬುಡದ ಬ್ರಿಜ್‌ಗೆ 25.5 ಇಂಚು ಇರುವುದು ಒಂದು, 24.75 ಇಂಚು ಇರುವುದು ಇನ್ನೊಂದು. ತಂತಿ ಅದೇ, ಶ್ರುತಿ ಅದೇ, ಆದರೂ ಗಿಡ್ಡದರಲ್ಲಿ ಎಳೆತ ಸುಮಾರು ನೂರಕ್ಕೆ 6ರಷ್ಟು ಇನ್ನೂ ಕಡಿಮೆ. ಫ್ರೆಟ್‌ಗಳೂ ಒಂಚೂರು ಹತ್ತಿರ. "ಗಿಡ್ಡ ಅಳತೆ, 9ರ ತಂತಿ. ನಿನಗೆ ಇದೇ ಸರಿ" ಅಂತ ಅಡಿಗೆರೆ ಎಳೆದರು. ಆ ಕಾಗದ ಈಗಲೂ ನನ್ನ ಹತ್ತಿರ ಇದೆ.

ನಾನು ಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಆಸ್ಪತ್ರೆಯ ಖರ್ಚು ಮುಗಿದಿರಲಿಲ್ಲ. ನಮ್ಮ ಕ್ಲಾಸಿನ ಗೆಳೆಯರೇ, ನೀವು ನನಗೆ ಗೊತ್ತಾಗದ ಹಾಗೆ ಸೇರಿ ಮಾತಾಡಿಕೊಂಡಿರಿ. ಆರ್ಡರ್ ಆದ ಚೀಟಿಯನ್ನು ನನ್ನ ಮುಂದೆ ಇಟ್ಟ ದಿನ ನನಗೆ ಬಾಯಿಂದ ಮಾತು ಹೊರಡಲಿಲ್ಲ. ಯಾರು ಎಷ್ಟು ಹಾಕಿದಿರಿ ಅಂತ ಇವತ್ತಿಗೂ ಹೇಳಿಲ್ಲ. ಕೇಳುವುದನ್ನು ನಾನೂ ಬಿಟ್ಟಿದ್ದೇನೆ. ಆ ಚೀಟಿಯಲ್ಲಿ ಒಬ್ಬರು ಪೆನ್ನಿನಿಂದ "ಕೆಂಪು ಬಣ್ಣವೇ ಬೇಕು" ಅಂತ ಬರೆದಿದ್ದರಲ್ಲ, ಅದು ಯಾರು? ಮೂರು ವರ್ಷದ ಹಿಂದೆ ಯಾವಾಗಲೋ ಹೇಳಿದ್ದ ಮಾತನ್ನು ನೆನಪಿಟ್ಟುಕೊಂಡಿದ್ದಿರಿ.

ಆಮೇಲೆ ಶುರುವಾಯಿತು ಕಾಯುವುದು. ಹತ್ತು ವಾರ ಅಂದಿದ್ದರು, ಹದಿನಾಲ್ಕು ಆಯಿತು. ತಾರೀಕು ಎರಡು ಸಲ ಮುಂದೆ ಹೋಯಿತು. ಈ ದಿನಗಳ ಭಾರ ಹೊತ್ತವಳು ನಮ್ಮ ಅಕ್ಕ. ಕೈ ಕಟ್ಟಿದ್ದಾಗ ನನ್ನ ಜಡೆ ಹಾಕಿದ್ದು ಅವಳು, ಗುಂಡಿ ಹಾಕಿದ್ದು ಅವಳು. ಈಗ ದಿನಾ ಬೆಳಿಗ್ಗೆ ನಾನು ಏಳುವ ಮೊದಲೇ ಆರ್ಡರ್ ಎಲ್ಲಿದೆ ಅಂತ ನೋಡಿ ಇಡುತ್ತಿದ್ದಳು. "ಇನ್ನೂ ಹೊರಟಿಲ್ಲ ಕಣೇ, ನಿಧಾನ ಏಳು" ಅನ್ನುತ್ತಿದ್ದಳು. ಗಿಟಾರಿನ ಗಂಧಗಾಳಿ ಗೊತ್ತಿಲ್ಲದವಳು ಕಾಯುತ್ತಾ ಕಾಯುತ್ತಾ ಎಲ್ಲ ಓದಿಕೊಂಡಳು. ಒಂದು ರಾತ್ರಿ ಬಂದು ಎಬ್ಬಿಸಿದಳು. "ಇದು ಲೆಸ್ ಪಾಲ್ ಆಕಾರ ಅಂತಾರಲ್ಲ, ಆ ಗಿಟಾರ್ ವಾದಕನಿಗೂ 1948ರಲ್ಲಿ ಕಾರ್ ಆಕ್ಸಿಡೆಂಟ್ ಆಗಿ ಬಲ ಮೊಣಕೈ ಪುಡಿಯಾಗಿತ್ತಂತೆ. ಕೈ ಇನ್ನು ಆಡಲ್ಲ ಅಂದಾಗ, ಗಿಟಾರ್ ಹಿಡಿಯೋಕೆ ಆಗೋ ಹಾಗೆ ಬಾಗಿಸಿಯೇ ಕೂರಿಸಿ ಅಂತ ಡಾಕ್ಟರಿಗೆ ಹೇಳಿದನಂತೆ. ಅವನ ಹೆಸರಿನ ಗಿಟಾರ್ ಬಂದಿದ್ದು ಅದಾದ ಮೇಲೆ, 1952ರಲ್ಲಿ!" ಕತ್ತಲಲ್ಲಿ ಅವಳ ಮುಖ ಕಾಣಲಿಲ್ಲ, ದನಿ ಕೇಳಿತು. ಅಕ್ಕ, ಆ ದನಿಗೆ ನಾನು ಯಾವ ಧನ್ಯವಾದ ಹೇಳಲಿ?

ಬಾಕ್ಸ್ ತಂದುಕೊಟ್ಟ ಅಣ್ಣನ ಹೆಸರು ಕೇಳಲು ಮರೆತೆ. ಅದರ ಮೇಲೆ ಒಂದು ಬಾಣದ ಗುರುತಿತ್ತು, ಈ ಕಡೆ ಮೇಲಕ್ಕೆ ಅಂತ. ಅಷ್ಟುದ್ದದ ಬಾಕ್ಸನ್ನು ಮೆಟ್ಟಿಲುಗಳಲ್ಲಿ ಒಂದು ಸಲವೂ ಅಡ್ಡ ಮಲಗಿಸದೆ, ನಿಲ್ಲಿಸಿ ಹಿಡಿದುಕೊಂಡೇ ಹತ್ತಿದರು. ಬಾಗಿಲಲ್ಲಿ ಇಟ್ಟು "ಗಿಟಾರ್ ಅಲ್ವಾ? ಹುಷಾರಾಗಿ ತಂದಿದ್ದೀನಿ" ಅಂದರು. ಇದು ಅವರ ಕಣ್ಣಿಗೆ ಬೀಳುವುದಿಲ್ಲವೇನೋ. ಆದರೂ ಬರೆಯುತ್ತೇನೆ: ಅಣ್ಣ, ಒಂದು ಗೀರೂ ಇರಲಿಲ್ಲ.

ಮೇಷ್ಟ್ರಿಗೆ ಫೋನ್ ಮಾಡಿದೆ. "ಈಗಲೇ ತೆರೆಯಬೇಡ" ಅಂದರು! ಚಳಿಯಲ್ಲಿ ದೂರದಿಂದ ಬಂದ ಮರ ಒಮ್ಮೆಲೇ ಬೆಚ್ಚಗಿನ ಕೋಣೆಗೆ ಬಂದರೆ ಮೇಲಿನ ಲ್ಯಾಕರ್ ಬಿರುಕು ಬಿಡಬಹುದು. ಬಾಕ್ಸ್ ಒಳಗೇ ನಿಧಾನವಾಗಿ ಕೋಣೆಯ ಬಿಸಿಗೆ ಹೊಂದಿಕೊಳ್ಳಲಿ ಅಂದರು. ಹದಿನಾಲ್ಕು ವಾರ ಕಾದವಳಿಗೆ ಆ ಒಂದು ರಾತ್ರಿ ಬಹಳ ಉದ್ದವಾಯಿತು. ಬಾಕ್ಸನ್ನು ನಮ್ಮಿಬ್ಬರ ಹಾಸಿಗೆಯ ನಡುವೆ ಇಟ್ಟುಕೊಂಡು ಮಲಗಿದೆವು. ಅಕ್ಕ ಎರಡು ಸಲ ಎದ್ದು ಸುಮ್ನೆ ಮುಟ್ಟಿ ನೋಡಿದಳು. ನಾನು ಎಷ್ಟು ಸಲ ಮುಟ್ಟಿದೆನೋ ಗೊತ್ತಿಲ್ಲ.

ಬೆಳಿಗ್ಗೆ ಟೇಪ್ ಕತ್ತರಿಸಿದೆವು. ಬಾಕ್ಸ್ ಒಳಗೆ ಇನ್ನೊಂದು ಬಾಕ್ಸ್, ಅದರೊಳಗೆ ಕಪ್ಪು ಕೇಸ್. ಕೊಂಡಿಗಳನ್ನು ತೆಗೆಯುವಾಗ ಟಕ್ ಟಕ್ ಸದ್ದು. ಮುಚ್ಚಳ ಎತ್ತಿದಾಗ ಬಂದ ವಾಸನೆಯನ್ನು ಹೇಗೆ ಹೇಳಲಿ? ಹೊಸ ಲ್ಯಾಕರ್, ಮರ, ಕೇಸಿನ ಒಳಬಟ್ಟೆ, ಮೂರೂ ಸೇರಿದ ವಾಸನೆ. ತಂತಿಗಳ ಕೆಳಗೆ ತೆಳುವಾದ ಫೋಮ್ ಹಾಳೆ. ಎತ್ತಿಕೊಂಡೆ. ನಾಲ್ಕು ಕಿಲೊ ಹತ್ತಿರ ಇದೆ. ಹಳೆಯ ಗಿಟಾರಿನ ಎರಡರಷ್ಟು. ತೊಡೆಯ ಮೇಲೆ ಇಟ್ಟುಕೊಂಡಾಗ ಅದು ಅಲುಗದೆ ಕೂತಿತು.

ಸದ್ದು ಹೆಚ್ಚಿಸುವ ಆಂಪ್‌ಗೆ ಹಾಕುವ ಮೊದಲು ಹಾಗೆಯೇ ಟ್ಯೂನ್ ಮಾಡಿದೆ. ಆಮೇಲೆ ವಾಲ್ಯೂಮ್ ಸೊನ್ನೆಗೆ ತಂದು ಕೇಬಲ್ ಹಾಕಿದೆ, ನಿಧಾನವಾಗಿ ಏರಿಸಿದೆ. ಗುಂಯ್ ಅನ್ನುವ ಸದ್ದು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ. ತಂತಿಯ ಅದುರನ್ನು ಹಿಡಿದು ಆಂಪ್‌ಗೆ ಕಳಿಸುವ ಇದರ ಪಿಕಪ್‌ನಲ್ಲಿ ಎರಡು ಸುರುಳಿ ಇವೆ. ಕೂದಲಿನಷ್ಟು ತೆಳು ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿಗಳು. ಕರೆಂಟಿನ ಗುಂಯ್ ಸದ್ದನ್ನು ಒಂದು ಸುರುಳಿ ಒಂದು ಕಡೆಗೆ ಎಳೆದರೆ, ಇನ್ನೊಂದು ಅದರ ವಿರುದ್ಧ ಎಳೆದು ಅಳಿಸಿಬಿಡುತ್ತದೆ. ತಂತಿಯ ಸ್ವರ ಮಾತ್ರ ಉಳಿಯುತ್ತದೆ. ಗಿಬ್ಸನ್ ಅನ್ನುವ ಗಿಟಾರ್ ಕಂಪನಿಯಲ್ಲಿದ್ದ ಸೆತ್ ಲವರ್ 1955ರಲ್ಲಿ ಇಂಥದ್ದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಅವರಿಗೂ ನನ್ನ ನಮಸ್ಕಾರ ಸಲ್ಲಲಿ. ಆ ಬೆಳಿಗ್ಗೆ ನನಗೆ ಆ ಮೌನ ಬೇಕಿತ್ತು.

ಮೂರನೇ ತಂತಿ, ಏಳನೇ ಫ್ರೆಟ್. ಉಂಗುರದ ಬೆರಳು ಇಟ್ಟೆ. ಒತ್ತಿದೆ. ಮೀಟಿದೆ.

ಬಂತು ಸ್ವರ. ಚೊಕ್ಕವಾಗಿ, ಉದ್ದಕ್ಕೆ. ನಾನು ಬೆರಳು ತೆಗೆಯಲಿಲ್ಲ. ಅದು ತಾನಾಗಿ ಕರಗುವವರೆಗೂ ಒತ್ತಿಕೊಂಡೇ ಇದ್ದೆ. ಅಕ್ಕ ಬಾಗಿಲಿಗೆ ಒರಗಿ ಅಳುತ್ತಿದ್ದಳು.

ಎಫ್ ಕಾರ್ಡ್ ಮಾತ್ರ ಆಗಲೂ ಕಷ್ಟವೇ ಇತ್ತು. ಕಾರ್ಖಾನೆಯಿಂದ 10ರ ತಂತಿ ಹಾಕಿ ಕಳಿಸಿದ್ದರು, ನಟ್‌ನಲ್ಲಿ ತಂತಿ ಕೂರುವ ಕಚ್ಚುಗಳೂ ಎತ್ತರ ಇದ್ದವು. ರಿಪೇರಿ ಮಾಡುವ ಹಿರಿಯರು ಬೇರೆ ಕೆಲಸ ಪಕ್ಕಕ್ಕಿಟ್ಟು ನನ್ನ ಗಿಟಾರ್ ತೆಗೆದುಕೊಂಡರು. ಮೊದಲು ಕೈ ತೋರಿಸು ಅಂದರು, ಆಮೇಲೆ ಗಿಟಾರ್ ನೋಡಿದರು. 9ರ ತಂತಿ ಹಾಕಿದರು. ಎಳೆತ ಕಡಿಮೆಯಾಯಿತಲ್ಲ, ಅದಕ್ಕೆ ಗಿಟಾರಿನ ಕತ್ತಿನ ಒಳಗೆ, ಎಳೆತಕ್ಕೆ ಅದು ಬಾಗದಂತೆ ತಡೆಯುವ ರಾಡನ್ನು ಕಾಲು ತಿರುವಿಗಿಂತ ಕಡಿಮೆ ಸಡಿಲ ಮಾಡಿದರು. ಸಣ್ಣ ಅರದಲ್ಲಿ ನಟ್ ಉಜ್ಜುವುದು, ಊದುವುದು, ತಂತಿ ಕೂರಿಸಿ ನೋಡುವುದು, ಮತ್ತೆ ಎತ್ತಿ ಎರಡೇ ಎರಡು ಸಲ ಉಜ್ಜುವುದು. ಹನ್ನೆರಡನೇ ಫ್ರೆಟ್‌ನಲ್ಲಿ ಸಣ್ಣ ತಂತಿಯ ಎತ್ತರ ಒಂದೂವರೆ ಮಿಲಿಮೀಟರಿಗೆ ತಂದರು. ಕೊನೆಗೆ "ನುಡಿಸು" ಅಂತ ಕೈಗೆ ಕೊಟ್ಟರು.

ಅದೇ ಮೂರನೇ ತಂತಿ, ಅದೇ ಏಳನೇ ಫ್ರೆಟ್. ಈ ಸಲ ಬೆಂಡ್ ಮಾಡಿದೆ. ಉಂಗುರದ ಬೆರಳು ಮುಂದೆ, ಅದರ ಹಿಂದೆ ನಡುಬೆರಳು, ಅದರ ಹಿಂದೆ ತೋರುಬೆರಳು. ಮೂರೂ ಸೇರಿ ತಂತಿಯನ್ನು ಮೇಲಕ್ಕೆ ತಳ್ಳಿದವು. ಡಿ ಸ್ವರ ಇದ್ದದ್ದು ಏರುತ್ತಾ ಹೋಗಿ ಇ ಸ್ವರ ಮುಟ್ಟಿತು. ಹಿರಿಯರು ಕನ್ನಡಕ ತೆಗೆದು "ಶ್ರುತಿಗೆ ಸರಿಯಾಗಿ ನಿಂತಿತು" ಅಂದರು.

ಕೆಳಗಿನ ಮನೆಯವರಿಗೂ ಧನ್ಯವಾದ. ಹೆಡ್‌ಫೋನ್ ಹಾಕಿಕೊಳ್ಳುತ್ತೇನೆ ಅಂದರೆ "ಬೇಡ, ಕೇಳಲಿ ಬಿಡಿ" ಅಂದಿದ್ದೀರಿ.

ಮೊನ್ನೆ ಫಿಸಿಯೋಥೆರಪಿಗೆ ಹೊಸ ಗಿಟಾರ್ ತೆಗೆದುಕೊಂಡು ಹೋದೆ. ಮೇಡಂ ಮತ್ತೆ ತಾವೇ ತಂತಿ ಒತ್ತಿ, ಬೆರಳ ತುದಿ ತಿರುಗಿಸಿ ನೋಡಿಕೊಂಡರು. ಗೆರೆ ತೆಳ್ಳಗಿತ್ತು. ಏನೂ ಹೇಳದೆ ನನ್ನ ವ್ಯಾಯಾಮದ ಚೀಟಿ ಎಳೆದುಕೊಂಡು, ರಬ್ಬರ್ ಚೆಂಡು ಹಿಸುಕುವುದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಬರೆದರು: ಗಿಟಾರ್, ದಿನಕ್ಕೆ ಎರಡು ಸಲ, 15 ನಿಮಿಷ.

ಮೇಷ್ಟ್ರೇ, ಶನಿವಾರ ಬರುತ್ತಿದ್ದೇನೆ. ಹಿಂದಿನ ಸಾಲಿನ ಆ ಕುರ್ಚಿ ಬೇರೆ ಯಾರಿಗಾದರೂ ಬೇಕಾಗಬಹುದು, ತೆಗೆಯಬೇಡಿ. ನನಗೆ ಮುಂದೆ, ಆಂಪ್ ಪಕ್ಕ, ಒಂದು ಜಾಗ ಇಟ್ಟಿರಿ.