ನಮ್ಮ ಊರಿನ ದಾಖಲಾತಿಯಲ್ಲಿ ಕಗ್ಗ ಭತ್ತವೂ ಇಲ್ಲ, ಬಳಚೂ ಇಲ್ಲ: ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಅಂಚಿನಲ್ಲಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದ ಮನೆತನ ನಮ್ಮದು. ನಮ್ಮ ಗ್ರಾಮದ ಜನತಾ ಜೀವವೈವಿಧ್ಯ ದಾಖಲಾತಿಯನ್ನು, ಎಂದರೆ ಊರಿನ ಜೀವಜಾತಿಗಳನ್ನೂ ಅವುಗಳ ಬಗೆಗಿನ ಊರವರ ಅರಿವನ್ನೂ ಬರೆದಿಡುವ ಪುಸ್ತಕವನ್ನು, ಊರವರನ್ನು ಕೂರಿಸಿಕೊಂಡು ಹೊಸದಾಗಿ ಬರೆಸಬೇಕೆಂದು ಮೂರು ವರ್ಷಗಳಿಂದ ಅರ್ಜಿ ಕೊಟ್ಟು, ಕಚೇರಿ ಅಲೆದು ಸೋತ ಮೇಲೆ ತಮಗೆ ಹೀಗೆ ಬರೆಯುತ್ತಿದ್ದೇನೆ.

ಈ ದಾಖಲಾತಿಗೆ ಆಧಾರವಾದ 2002ರ ಜೀವವೈವಿಧ್ಯ ಕಾಯ್ದೆಯನ್ನು ತಮಗೆ ವಿವರಿಸಬೇಕಾಗಿಲ್ಲ. ಆ ದಾಖಲಾತಿಯ ಕಲ್ಪನೆಯನ್ನು ಬೆಳೆಸಿದವರಲ್ಲಿ ಪ್ರಮುಖರು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು. ಸ್ಥಳೀಯರ ಅರಿವಿನ ಕುರಿತು ಅವರು 1993ರಲ್ಲಿ ಬರ್ಕಿಸ್ ಮತ್ತು ಫೋಕ್ ಎಂಬ ವಿದ್ವಾಂಸರೊಂದಿಗೆ ಬರೆದ ಪ್ರಬಂಧವನ್ನು ಪರಿಸರ ವಿಜ್ಞಾನದವರಷ್ಟೇ ಅಲ್ಲ, ಮಾನವಶಾಸ್ತ್ರ, ಸಮಾಜಶಾಸ್ತ್ರದವರೂ ಉಲ್ಲೇಖಿಸುತ್ತಾರೆ. ಆ ಅರಿವನ್ನು ಅವರು ಕಂಡುಕೊಂಡ ಊರುಗಳಲ್ಲಿ ನಮ್ಮ ಜಿಲ್ಲೆಯವೂ ಸೇರಿವೆ. ಎಪ್ಪತ್ತರ ದಶಕದಲ್ಲಿ ಬಿದಿರಿನ ಅಧ್ಯಯನಕ್ಕೆ ಬಂದಾಗ, ಮೆಳೆಯ ಬುಡದ ಮುಳ್ಳು ಸವರಿದರೆ ಎಳೆಯ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದುಬಿಡುತ್ತವೆ ಎಂದು ಅವರಿಗೆ ಹೇಳಿದವರು ಹಳ್ಳಿಗರು. ಅವರು ಆ ಮಾತನ್ನು ಕಾಡಿನಲ್ಲಿ ಪರೀಕ್ಷಿಸಿ ನೋಡಿದರು. ಹಳ್ಳಿಗರ ಮಾತೇ ನಿಜವಾಗಿತ್ತು.

ನಮ್ಮನ್ನು ಮಾತ್ರ ಯಾರೂ ಕೇಳಲಿಲ್ಲ. ಹನ್ನೊಂದನೆಯ ಸಲ ಹೋದಾಗ ಕಪಾಟಿನಿಂದ ದಾಖಲಾತಿ ಹೊರಗೆ ಬಂತು. ಅದರಲ್ಲಿ ಘಟ್ಟದ ಮೇಲಿನ ಗಿಡಮರಗಳ ಹೆಸರುಗಳು ಪುಟಗಟ್ಟಲೆ ಇದ್ದವು. ಉಪ್ಪುನೀರಿನಲ್ಲೂ ನಿಲ್ಲುವ, ಸೊಂಟಮಟ್ಟದ ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ಯುವ ನಮ್ಮ ಕಗ್ಗ ಭತ್ತ ಇರಲಿಲ್ಲ. ಇಳಿತದ ಹೊತ್ತಿಗೆ ಊರಿನ ಹೆಂಗಸರು ಆಯುವ ಬಳಚು ಎಂಬ ಚಿಪ್ಪುಜೀವಿಯ ಹೆಸರೂ ಇರಲಿಲ್ಲ. ಕೊನೆಯ ಪುಟದಲ್ಲಿ ಮಾಹಿತಿ ನೀಡಿದವರ ಪಟ್ಟಿಯಿತ್ತು, ಅದರ ಮೂರನೆಯ ಸಾಲಿನಲ್ಲಿ ನನ್ನ ತಂದೆಯವರ ಹೆಸರು, ಮುಂದೆ ನೀಲಿ ಶಾಯಿಯ ಹೆಬ್ಬೆಟ್ಟಿನ ಗುರುತು. ಅಲ್ಲಿದ್ದ ದಿನಾಂಕಕ್ಕೆ ನಾಲ್ಕು ವರ್ಷ ಮೊದಲೇ ನನ್ನ ತಂದೆ ತೀರಿಕೊಂಡಿದ್ದರು. ಬದುಕಿದ್ದಷ್ಟು ದಿನವೂ ಅವರು ಸಹಿ ಹಾಕುತ್ತಿದ್ದವರು, ಒಂದು ಕಾಗದಕ್ಕೂ ಹೆಬ್ಬೆಟ್ಟು ಒತ್ತಿದವರಲ್ಲ. ಅದನ್ನು ತೋರಿಸಿದಾಗ ಅಲ್ಲಿದ್ದವರು, "ಈಗ ಅದನ್ನೆಲ್ಲ ಯಾರು ನೋಡ್ತಾರೆ?" ಎಂದರು. ಆ ದಿನ ಮನೆಗೆ ಬಂದು ನಾನು ಊಟ ಮಾಡಲಿಲ್ಲ.

ಸ್ವಾಮಿ, ನಾವು ನೋಡುತ್ತೇವೆ. ಗಜನಿಯ ಕಟ್ಟೆಯನ್ನು ಯಾವ ಹುಣ್ಣಿಮೆಗೆ ಕಾಯಬೇಕೆಂದು ಬಲ್ಲ ಒಬ್ಬ ಮನುಷ್ಯನನ್ನೂ ಕೇಳದೆ ಸತ್ತವರ ಹೆಸರಿನಲ್ಲಿ ಪುಟ ತುಂಬಿಸಿದ್ದು ಸಣ್ಣ ತಪ್ಪಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ಅಳಿವೆಯ ಜೀವಗಳು ನಮ್ಮದೇ ಊರಿನ ದಾಖಲಾತಿಯಲ್ಲಿ ಇಲ್ಲ. ನಾಳೆ ಇಲ್ಲಿ ಯಾವುದೋ ಕಾಮಗಾರಿ ಬಂದಾಗ, ಇಲ್ಲಿ ಏನಿತ್ತು ಎಂಬುದಕ್ಕೆ ನಾವು ಯಾವ ಕಾಗದ ತೋರಿಸಬೇಕು?

ದಾಖಲಾತಿಯನ್ನು ಹೊಸದಾಗಿ ಬರೆಸಿರಿ. ಬಳಚು ಆಯುವವರನ್ನೂ, ಬೀಜ ಕಾಪಾಡಿದವರನ್ನೂ ಎದುರಿಗೆ ಕೂರಿಸಿ ಬರೆಸಿರಿ. ಬರೆದದ್ದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿಸಿರಿ. ನನ್ನ ತಂದೆಯವರ ಹೆಸರನ್ನು ಆ ಪಟ್ಟಿಯಿಂದ ತೆಗೆಸಿರಿ. ಕಗ್ಗದ ಬೀಜ ಎತ್ತಿಡುವ ಮನೆಗಳು ನಮ್ಮ ಊರಿನಲ್ಲಿ ಈಗ ಎರಡೇ ಉಳಿದಿವೆ. ಮಳೆಗಾಲಕ್ಕೆ ಮುಂಚೆ, ಬೀಜ ಮೊಳಕೆಗೆ ಹಾಕುವ ವಾರದಲ್ಲಿ ಬರೆಯುವವರನ್ನು ಕಳುಹಿಸಿದರೆ ಅದನ್ನು ಕೈಯಲ್ಲಿ ಹಿಡಿದು ತೋರಿಸುತ್ತೇವೆ.

ಇಂತಿ,
ಅಳಿವೆಯಂಚಿನ ಗಜನಿ ರೈತ